ಹೊರೆಯೆಳೆಯುವ ಬಂಡಿಯೂ ಗೇರುಪೆಟ್ಟಿಗೆಯ ಬೇಗೆಯೂ



ವಾರ್ಷಿಕ ಸಂಚಿಕೆಗೆ ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದರು. ನಾವು ಆರಿಸಿಕೊಂಡ ವಿಷಯವನ್ನು ತಿಳಿದು ಅವರು ಕೊಂಚ ಬೆರಗಾದರು. ಅಮೆರಿಕದ ಹೆದ್ದಾರಿಗಳಲ್ಲಿ ವ್ಯಾನಿನ ಬೆನ್ನಿಗೆ ಚಕ್ರದ ಮನೆಯೊಂದನ್ನು ತಗುಲಿಸಿಕೊಂಡು ಹೋಗುವವರ ಪಾಡು ತಾಳವಾಡಿ ಸೀಮೆಯ ನಮಗೇಕೆ ಎಂಬುದು ಅವರ ಸಂದೇಹ. ಸಂದೇಹವು ನ್ಯಾಯವಾದುದೇ. ಆದರೆ ಬಣ್ಣಾರಿಯಿಂದ ದಿಂಬಂವರೆಗಿನ 27 ತಿರುವುಗಳನ್ನು ಬಾಲ್ಯದಿಂದಲೂ ಹತ್ತಿ ಇಳಿದಿರುವ ನಮ್ಮ ಜನಕ್ಕೆ ಹೊರೆಯೆಂದರೇನು, ಏರೆಂದರೇನು ಎಂಬುದನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಹೊರೆ, ಏರು, ಬೇಗೆ, ಈ ಮೂರರ ನಿಯಮಗಳು ದೇಶಕ್ಕೊಂದು ಬಗೆಯಾಗಿ ಇರುವುವಲ್ಲ. ಅಲ್ಲದೆ ನಮ್ಮ ಶಾಲೆಯಲ್ಲಿ ಕನ್ನಡದಲ್ಲಿಯೇ ವಿಜ್ಞಾನವನ್ನು ಕಲಿತ ಎಷ್ಟೋ ಮಂದಿ ಇಂದು ಹೊರನಾಡುಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಒಬ್ಬನೊಡನೆ ಪಯಣಿಸುವಾಗ ನಮಗೊದಗಿದ ಸಂಕಟವೇ ಈ ಲೇಖನಕ್ಕೆ ಮೂಲ.

ನಡೆದ ಸಂಗತಿ

2017ರ ಜೂನ್ ತಿಂಗಳು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಆಹ್ವಾನದಂತೆ ನಾವೂ ನಮ್ಮ ಮನೆಯವರೂ ಅಮೆರಿಕಕ್ಕೆ ಹೋಗಿದ್ದೆವು. ಅವನ ತಂದೆ ತಾಳವಾಡಿಯಿಂದ ಸತ್ಯಮಂಗಲಕ್ಕೆ ಲಾರಿ ನಡೆಸಿ ಮಗನನ್ನು ಓದಿಸಿದವರು, ಈಗಿಲ್ಲ. ಮಗನು ತನ್ನ ಸಂಸಾರವನ್ನೂ ನಮ್ಮಿಬ್ಬರನ್ನೂ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರಕ್ಕೆ ಕರೆದೊಯ್ಯುವ ಏರ್ಪಾಡು ಮಾಡಿದ್ದನು. ಒಂದು ದೊಡ್ಡ ವ್ಯಾನು, ಅದರ ಹಿಂದೆ ಬಾಡಿಗೆಗೆ ತಂದ ಒಂದು ಕ್ಯಾರವಾನು. ಮಂಚ, ಒಲೆ, ನೀರಿನ ತೊಟ್ಟಿ, ಬಚ್ಚಲು, ಎಲ್ಲವನ್ನೂ ಒಳಗೊಂಡು ಎರಡು ಚಕ್ರದಚ್ಚುಗಳ ಮೇಲೆ ಉರುಳುವ ಪುಟ್ಟ ಮನೆಯೇ ಕ್ಯಾರವಾನು. ವ್ಯಾನಿನಲ್ಲಿ ಒಟ್ಟು ಆರು ಮಂದಿ ಇದ್ದೆವು.

ಕೊಲೊರಾಡೋ ನದಿಯ ದಡದಲ್ಲಿರುವ ಬುಲ್‌ಹೆಡ್ ಸಿಟಿಯಲ್ಲಿ ರಾತ್ರಿ ತಂಗಿದ್ದು, ಮರುದಿನ ಮಧ್ಯಾಹ್ನ ಹೊರಟೆವು. ಊರಿನ ಬಳಿಯಲ್ಲಿಯೇ 1951ರಲ್ಲಿ ಮುಗಿದ ಡೇವಿಸ್ ಅಣೆಕಟ್ಟು ಇದೆ. ಅಲ್ಲಿಂದ ಅರಿಜೋನಾ ಸಂಸ್ಥಾನದ 68ನೆಯ ರಸ್ತೆ ಬೋಳು ಬೆಟ್ಟಗಳ ನಡುವೆ ಯೂನಿಯನ್ ಪಾಸ್ ಎಂಬ ಕಣಿವೆಯ ನೆತ್ತಿಗೆ ಏರುತ್ತದೆ. ಸುಮಾರು 11 ಮೈಲಿಗಳಲ್ಲಿ ಸುಮಾರು 3,000 ಅಡಿಗಳ ಏರು. ನಮ್ಮ ದಿಂಬಂ ಘಟ್ಟದಂತೆ ಅದರಲ್ಲಿ ಹಿಮ್ಮುರಿ ತಿರುವುಗಳಿಲ್ಲ; ಅಗಲವಾದ, ಸಲೀಸಾದ ರಸ್ತೆ. ಆದುದರಿಂದಲೇ ಅದು ಮೋಸದ ಏರು. ಏರುತ್ತಿದ್ದೇವೆಂದು ಕಣ್ಣಿಗೆ ತೋರುವುದೇ ಇಲ್ಲ.

ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಹವಾನಿಯಂತ್ರಣದ ತಂಪು. ಎಂಜಿನ್ ಒಮ್ಮೆ ಅರಚುವುದು, ಒಮ್ಮೆ ಗೊಣಗುವುದು, ಮತ್ತೆ ಅರಚುವುದು. ಗೇರು ತಾನಾಗಿಯೇ ಕೆಳಕ್ಕೂ ಮೇಲಕ್ಕೂ ಬದಲಾಗುತ್ತಿತ್ತು. ಎಂಜಿನ್ನಿನ ಉಷ್ಣವನ್ನು ತೋರುವ ಮುಳ್ಳು ಮಾತ್ರ ನಡುಮಧ್ಯದಲ್ಲಿ ಶಾಂತವಾಗಿ ನಿಂತಿತ್ತು. ನೆತ್ತಿ ಇನ್ನೆರಡು ಮೈಲಿ ಇರುವಾಗ ಏನೋ ಸೀದ ವಾಸನೆ ಬಂತು. ಎಂಜಿನ್ ಕೂಗು ಏರಿತು. ವೇಗ ಮಾತ್ರ ಇಳಿಯಿತು. ರಸ್ತೆಯ ಮಗ್ಗುಲಿಗೆ ನಿಲ್ಲಿಸಿ ಇಳಿದು ನೋಡಿದರೆ ವ್ಯಾನಿನ ಹೊಟ್ಟೆಯಿಂದ ಕೆಂಗಂದು ಎಣ್ಣೆ ತೊಟ್ಟಿಕ್ಕುತ್ತಿತ್ತು, ಹೊಗೆಯಾಡುತ್ತಿತ್ತು. ಮತ್ತೆ ಹೊರಡಿಸಲು ನೋಡಿದಾಗ ಎಂಜಿನ್ ಮೊರೆಯಿತೇ ಹೊರತು ಚಕ್ರ ಅಲುಗಲಿಲ್ಲ.

ಎರಡು ಗಂಟೆಗಳ ಕಾಲ ಮಕ್ಕಳೊಡನೆ ಆ ಬಿಸಿಲಿನಲ್ಲಿ ಕಾದೆವು. ಎಳೆದೊಯ್ಯುವ ಲಾರಿ ಬಂದು ನಮ್ಮನ್ನು ಕಿಂಗ್‌ಮನ್ ಊರಿಗೆ ಸೇರಿಸಿತು. ಅಲ್ಲಿನ ಮೆಕ್ಯಾನಿಕ್ಕನು ಗೇರುಪೆಟ್ಟಿಗೆಯ ತಳದ ತಟ್ಟೆಯನ್ನು ಬಿಚ್ಚಿ ನಮ್ಮ ಮುಂದೆ ಹಿಡಿದನು. ಹತ್ತಿ ಸೀದ ಬೆಲ್ಲದ ಪಾಕದಂತಿದ್ದ ಎಣ್ಣೆ, ಅದರಲ್ಲಿ ಕರಿಯ ಕಸರು. ಯಂತ್ರದಲ್ಲಿ ಹುಟ್ಟಿನಿಂದ ಬಂದ ದೋಷವೇನೂ ಇಲ್ಲ, ಎಣ್ಣೆ ಸುಟ್ಟಿತು, ಎಣ್ಣೆಯೊಡನೆ ಪೆಟ್ಟಿಗೆಯೂ ಸುಟ್ಟಿತು ಎಂದು ಅವನು ಹೇಳಿದನು. ದುರಸ್ತಿಗೆ ನಾಲ್ಕು ಸಾವಿರ ಡಾಲರಿಗೆ ಮಿಕ್ಕ ವೆಚ್ಚವಾಯಿತು. ಮಹಾಕಂದರವನ್ನು ನಾವು ನೋಡಲಿಲ್ಲ. ಆ ರಾತ್ರಿ ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನಮ್ಮಪ್ಪ ಇದ್ದಿದ್ದರೆ ಘಟ್ಟದ ಬುಡದಲ್ಲೇ ಗೇರ್ ಇಳಿಸಿರುತ್ತಿದ್ದರು. ಈ ಗಾಡೀಲಿ ಗೇರೇ ಇಲ್ಲ ಅಂತ ನಾನು ಮೈಮರೆತೆ" ಎಂದನು.

ಅವನ ಆ ಮಾತಿನಲ್ಲಿಯೇ ಈ ವಿಷಯದ ಸಾರವಿದೆ. ಸ್ವಯಂಚಾಲಿತ ಗೇರುಪೆಟ್ಟಿಗೆಯು ಚಾಲಕನ ಕೈಗೂ ಕಾಲಿಗೂ ಬಿಡುವು ಕೊಟ್ಟಿದೆ. ವಿವೇಕಕ್ಕೆ ಬಿಡುವು ಕೊಟ್ಟಿಲ್ಲ. ಇದು ಹೇಗೆಂಬುದನ್ನು ಇನ್ನು ಕ್ರಮವಾಗಿ ನೋಡೋಣ.

ಪೆಟ್ಟಿಗೆಯ ಒಳಗೇನಿದೆ

ನಮ್ಮ ಲಾರಿಗಳಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ ಎಂಬ ಬಿಲ್ಲೆಯಿರುವುದನ್ನು ವಾಚಕರು ಬಲ್ಲರು. ಚಾಲಕನು ಕಾಲಿನಿಂದ ಅದನ್ನು ಬಿಡಿಸಿ, ಕೈಯಿಂದ ಗೇರು ಬದಲಾಯಿಸಿ, ಮತ್ತೆ ಕೂಡಿಸುತ್ತಾನೆ. ಕೂಡಿದ ಮೇಲೆ ಎಂಜಿನ್ನೂ ಪೆಟ್ಟಿಗೆಯೂ ಒಂದೇ ಅಚ್ಚಿನಂತೆ ತಿರುಗುತ್ತವೆ.

ಸ್ವಯಂಚಾಲಿತ ವಾಹನಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಬಗೆಯಲ್ಲಿ ಈ ಬಿಲ್ಲೆಯ ಸ್ಥಾನದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಸಾಧನವಿದೆ. ಇದನ್ನು ತಿರುಪುಬಲದ ಪರಿವರ್ತಕವೆಂದು ಕರೆಯಬಹುದು. ಎರಡು ಬೀಸಣಿಗೆಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ವಿದ್ಯುತ್ತಿನಿಂದ ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದು ತಾನಾಗಿ ತಿರುಗುವುದಷ್ಟೆ. ಗಾಳಿಯ ಬದಲು ಎಣ್ಣೆಯನ್ನು ತುಂಬಿ, ಎರಡನ್ನೂ ಒಂದು ದುಂಡು ಭರಣಿಯಲ್ಲಿ ಮುಚ್ಚಿಟ್ಟರೆ ಅದೇ ಈ ಸಾಧನದ ಮೂಲರೂಪ. ಒಂದು ರೆಕ್ಕೆಚಕ್ರವು ಎಂಜಿನ್ನಿಗೆ ಸೇರಿದೆ, ಇನ್ನೊಂದು ಗೇರುಪೆಟ್ಟಿಗೆಗೆ ಸೇರಿದೆ. ಇವೆರಡರ ನಡುವೆ ಮೂರನೆಯದೊಂದು ಪುಟ್ಟ ರೆಕ್ಕೆಚಕ್ರವು ಎಣ್ಣೆಯ ಹರಿವನ್ನು ತಿದ್ದಿ ಹಿಂದಿರುಗಿಸುತ್ತದೆ. ಇದರಿಂದ ಹೊರಡುವ ಕ್ಷಣದಲ್ಲಿ ತಿರುಪುಬಲವು ಸುಮಾರು ಎರಡರಷ್ಟಾಗುತ್ತದೆ. ಸ್ಟೆಟಿನ್ ಪಟ್ಟಣದ ವಲ್ಕನ್ ಹಡಗುಕಟ್ಟೆಯಲ್ಲಿ ಎಂಜಿನಿಯರಾಗಿದ್ದ ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಮಹಾಶಯನು 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ವೇಗವಾಗಿ ಸುತ್ತುವ ಉಗಿಚಕ್ರಕ್ಕೂ ನಿಧಾನವಾಗಿ ಸುತ್ತಬೇಕಾದ ಹಡಗಿನ ಚಾಲಕರೆಕ್ಕೆಗೂ ಸಂಧಾನ ಮಾಡುವುದು ಅವನ ಉದ್ದೇಶವಾಗಿತ್ತು. ಮೋಟಾರು ಬಂಡಿಗಳಿಗೆ ಈ ತತ್ತ್ವ ಬಂದುದು ಆಮೇಲೆ. ಜನರಲ್ ಮೋಟಾರ್ಸ್ ಸಂಸ್ಥೆಯು 1939ರಲ್ಲಿ ಪ್ರಕಟಿಸಿದ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯಲ್ಲಿ ಎಣ್ಣೆಯ ಸರಳ ಜೋಡಣೆಯೂ, 1948ರ ಬ್ಯೂಯಿಕ್ ಕಾರುಗಳ ಡೈನಾಫ್ಲೋ ಪೆಟ್ಟಿಗೆಯಲ್ಲಿ ಪೂರ್ಣರೂಪದ ಪರಿವರ್ತಕವೂ ಇದ್ದವು.

ಪರಿವರ್ತಕದ ಹಿಂದೆ ಹಲ್ಲುಚಕ್ರಗಳ ಗುಂಪು. ಸೂರ್ಯನ ಸುತ್ತ ಗ್ರಹಗಳಂತೆ ನಡುಚಕ್ರವೊಂದರ ಸುತ್ತ ಸಣ್ಣ ಚಕ್ರಗಳು ಸುತ್ತುವುದರಿಂದ ಇವಕ್ಕೆ ಗ್ರಹಚಕ್ರಗಳೆಂದೇ ಹೆಸರು. ಇವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬುದರ ಮೇಲೆ ಗೇರು ನಿರ್ಣಯವಾಗುತ್ತದೆ. ಹಿಡಿಯುವ ಕೆಲಸ ತೆಳುವಾದ ಕ್ಲಚ್ ಬಿಲ್ಲೆಗಳದು. ಆ ಬಿಲ್ಲೆಗಳನ್ನು ಅಮುಕುವುದು ಎಣ್ಣೆಯ ಒತ್ತಡ.

ಇಲ್ಲಿ ಎಣ್ಣೆಯ ಸ್ಥಾನವನ್ನು ಗಮನಿಸಬೇಕು. ಲಾರಿಯ ಗೇರುಪೆಟ್ಟಿಗೆಯಲ್ಲಿ ಎಣ್ಣೆಯು ಹಲ್ಲುಗಳು ಸವೆಯದಂತೆ ಕಾಯುವ ಸೇವಕ ಮಾತ್ರ. ಸ್ವಯಂಚಾಲಿತ ಪೆಟ್ಟಿಗೆಯಲ್ಲಿಯಾದರೋ ಬಲವನ್ನು ದಾಟಿಸುವುದೂ ಅದೇ, ಬಿಲ್ಲೆಗಳನ್ನು ಅಮುಕುವುದೂ ಅದೇ, ಸವೆತವನ್ನು ತಡೆಯುವುದೂ ಅದೇ, ಬೇಗೆಯನ್ನು ಹೊತ್ತು ಹೊರಕ್ಕೆ ಹಾಕುವುದೂ ಅದೇ. ನಾಲ್ಕು ಕೆಲಸಕ್ಕೆ ಒಬ್ಬನೇ ಆಳು. ಆ ಆಳು ಬಿದ್ದರೆ ಮನೆಯೇ ಬೀಳುತ್ತದೆ.

ಬೇಗೆ ಹುಟ್ಟುವ ಬಗೆ

ಮೊಸರನ್ನು ಬಹಳ ಹೊತ್ತು ಕಡೆದರೆ ಅದು ಕೊಂಚ ಬೆಚ್ಚಗಾಗುವುದನ್ನು ನಮ್ಮ ಮನೆಗಳ ಹೆಂಗಸರು ಬಲ್ಲರು. ಇಂಗ್ಲೆಂಡಿನ ಜೇಮ್ಸ್ ಜೌಲನು 1845ರಲ್ಲಿ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ, ಎಷ್ಟು ಕೆಲಸಕ್ಕೆ ಎಷ್ಟು ಉಷ್ಣವೆಂಬುದನ್ನು ಅಳೆದು ತೋರಿಸಿದನು. ಪರಿವರ್ತಕದಲ್ಲಿ ನಡೆಯುವುದೂ ಒಂದು ಬಗೆಯ ಕಡೆತವೇ. ಎಂಜಿನ್ ಕಡೆಯ ಚಕ್ರಕ್ಕಿಂತ ಪೆಟ್ಟಿಗೆಯ ಕಡೆಯ ಚಕ್ರ ಯಾವಾಗಲೂ ಕೊಂಚ ಹಿಂದೆ ಬೀಳುತ್ತದೆ. ಈ ಜಾರಿಕೆಯಲ್ಲಿ ಕಳೆದುಹೋದ ಬಲವು ಎಲ್ಲಿಗೂ ಹೋಗದು. ಎಣ್ಣೆಯಲ್ಲಿ ಬೇಗೆಯಾಗಿ ಉಳಿಯುತ್ತದೆ. ಬಂಡಿಯನ್ನು ಗೇರಿನಲ್ಲಿಟ್ಟು, ಚಕ್ರ ತಿರುಗದಿರುವಾಗ ಆಕ್ಸಿಲರೇಟರನ್ನು ಒತ್ತಿದರೆ ಎಂಜಿನ್ನಿನ ಬಲವೆಲ್ಲವೂ ಬೇಗೆಯಾಗಿಯೇ ತೀರುತ್ತದೆ.

ನಮ್ಮ ಪಯಣದ ಲೆಕ್ಕವನ್ನೇ ಮಾಡಿ ನೋಡೋಣ. ವ್ಯಾನು, ಜನ, ಸಾಮಾನು, ಕ್ಯಾರವಾನು ಎಲ್ಲವೂ ಕೂಡಿ ಸ್ಥೂಲವಾಗಿ 5,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇದನ್ನು 900 ಮೀಟರು ಎತ್ತರಕ್ಕೆ 17 ನಿಮಿಷಗಳಲ್ಲಿ, ಎಂದರೆ ಗಂಟೆಗೆ 40 ಮೈಲಿ ವೇಗದಲ್ಲಿ ಏರಿಸಬೇಕಾದರೆ, ಬರಿಯ ಏರಿಕೆಗೆ ಸುಮಾರು 43 ಕಿಲೋವ್ಯಾಟ್ ಶಕ್ತಿ ಬೇಕು. ಗೋಡೆಯಂತೆ ಗಾಳಿಗೆ ಎದುರು ನಿಲ್ಲುವ ಕ್ಯಾರವಾನನ್ನು ದೂಡುವುದಕ್ಕೂ ಟೈರುಗಳ ಉರುಳುವಿಕೆಗೂ ಇನ್ನು 25 ಕಿಲೋವ್ಯಾಟಿಗೆ ಮೇಲ್ಪಟ್ಟು ಬೇಕಾದೀತು. ಒಟ್ಟು 70 ಎಂದುಕೊಂಡು, ಪರಿವರ್ತಕದಲ್ಲಿ ನೂರಕ್ಕೆ ಹತ್ತರಂತೆ ಜಾರಿಕೆಯಾದರೂ ಆಯಿತು, 7 ಕಿಲೋವ್ಯಾಟ್ ಬೇಗೆ. ಸಾವಿರ ವ್ಯಾಟಿನ ಏಳು ಹೀಟರುಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಮುಳುಗಿಸಿಟ್ಟು ಕಾಲು ಗಂಟೆಗೆ ಮಿಕ್ಕಿ ಉರಿಸಿದಂತೆ. ಅದೇ ವ್ಯಾನು ಬರಿದಾಗಿ ಸಮನೆಲದಲ್ಲಿ ಓಡುವಾಗ ಇದರ ಅತ್ಯಲ್ಪ ಭಾಗವೂ ಇರುವುದಿಲ್ಲ.

ಜಾರಿಕೆಯನ್ನು ಇಲ್ಲವಾಗಿಸುವ ಉಪಾಯವೂ ಈ ಪೆಟ್ಟಿಗೆಗಳಲ್ಲಿದೆ. ವೇಗ ಒಂದು ಹದಕ್ಕೆ ಬಂದಾಗ ಪರಿವರ್ತಕದೊಳಗಿನ ಒಂದು ಬೀಗ-ಕ್ಲಚ್ಚು ಎರಡು ಚಕ್ರಗಳನ್ನೂ ಒಂದಾಗಿ ಬೆಸೆಯುತ್ತದೆ. ಬೀಗ ಬಿದ್ದಿರುವಷ್ಟು ಹೊತ್ತು ಬೇಗೆ ಬಹಳ ಕಡಮೆ. ಆದರೆ ಭಾರವಾದ ಏರಿನಲ್ಲಿ ಅತಿ ಮೇಲಿನ ಗೇರಾದ ಓವರ್‌ಡ್ರೈವಿನಲ್ಲಿ ಬಂಡಿಗೆ ಬಲ ಸಾಲದೆ ಹೋಗುತ್ತದೆ. ಬೀಗ ಕಳಚುತ್ತದೆ, ಗೇರು ಇಳಿಯುತ್ತದೆ, ಕೊಂಚ ವೇಗ ಬಂದೊಡನೆ ಮತ್ತೆ ಏರುತ್ತದೆ, ಮತ್ತೆ ಸಾಲದೆ ಇಳಿಯುತ್ತದೆ. ಒಂದೊಂದು ಬದಲಾವಣೆಯಲ್ಲಿಯೂ ಬಿಲ್ಲೆಗಳು ಉಜ್ಜಿಕೊಂಡು ಇನ್ನಷ್ಟು ಬೇಗೆ ಹುಟ್ಟುತ್ತದೆ. ನಾವು ಕೇಳಿದ ಆ ಅರಚಾಟ, ಗೊಣಗಾಟ ಇದೇ. ಯಂತ್ರವು ನಮ್ಮನ್ನು ಕೂಗಿ ಕರೆಯುತ್ತಿದ್ದಿತು, ನಾವು ಕಿವಿಗೊಡಲಿಲ್ಲ.

ಎಂಜಿನ್ನಿನ ಮುಳ್ಳು ಶಾಂತವಾಗಿದ್ದುದು ಹೇಗೆ ಎಂದು ಕೇಳಬಹುದು. ಆ ಮುಳ್ಳು ಎಂಜಿನ್ನಿನ ನೀರಿನ ಉಷ್ಣವನ್ನು ತೋರುತ್ತದೆ, ಗೇರುಪೆಟ್ಟಿಗೆಯ ಎಣ್ಣೆಯದನ್ನಲ್ಲ. ನೆರೆಮನೆಯ ಜ್ವರವನ್ನು ನಮ್ಮ ಮನೆಯ ಮಗುವಿನ ಕೈ ಮುಟ್ಟಿ ತಿಳಿಯಲಾದೀತೆ?

ಎಣ್ಣೆಯ ಆಯುಸ್ಸು

ಕಸಬಿನವರಲ್ಲಿ ರೂಢಿಯಾಗಿರುವ ಒಂದು ಲೆಕ್ಕವಿದೆ. ಎಣ್ಣೆಯು ಸುಮಾರು 80 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕೆಲಸ ಮಾಡಿದರೆ ದೀರ್ಘಕಾಲ ಬಾಳುತ್ತದೆ. ಅದಕ್ಕೆ ಮೇಲೆ ಪ್ರತಿ 11 ಡಿಗ್ರಿ ಏರಿದಂತೆ ಅದರ ಆಯುಸ್ಸು ಅರ್ಧರ್ಧವಾಗುತ್ತದೆ. 91ರಲ್ಲಿ ಅರ್ಧ, 102ರಲ್ಲಿ ಕಾಲು, 113ರಲ್ಲಿ ಅರೆಕಾಲು. 115ನ್ನು ದಾಟಿದಾಗ ಎಣ್ಣೆಗೆ ಬೆರಸಿದ ರಕ್ಷಕ ದ್ರವ್ಯಗಳು ಕೆಟ್ಟು, ಒಳಗಿನ ಕವಾಟಗಳ ಮೇಲೆ ಅರಗಿನಂಥ ಪದರ ಕಟ್ಟುತ್ತದೆ. 125ರ ಆಚೆ ರಬ್ಬರಿನ ಮುದ್ರೆಗಳು ಗಡುಸಾಗಿ ಬಿರಿಯುತ್ತವೆ, ಒತ್ತಡ ಸೋರುತ್ತದೆ. 145ರ ಸುಮಾರಿಗೆ ಕ್ಲಚ್ ಬಿಲ್ಲೆಗಳು ಜಾರಿ ಸುಡುತ್ತವೆ. ಇದು ಹಳೆಯ ಖನಿಜತೈಲಗಳನ್ನು ಕುರಿತ ಸ್ಥೂಲವಾದ ಲೆಕ್ಕ. ಇಂದಿನ ಸಂಶ್ಲೇಷಿತ ತೈಲಗಳು ಇನ್ನೂ ಹೆಚ್ಚು ತಾಳಬಲ್ಲವು; ಕೆಲವು ಹೊಸ ಪೆಟ್ಟಿಗೆಗಳು ಬುದ್ಧಿಪೂರ್ವಕವಾಗಿಯೇ ಹೆಚ್ಚು ಬಿಸಿಯಲ್ಲಿ ಓಡುವಂತೆ ರಚಿತವಾಗಿವೆ. ಆದರೆ ಬೇಗೆ ಹೆಚ್ಚಿದಂತೆ ಆಯುಸ್ಸು ಕುಗ್ಗುವುದೆಂಬ ನಿಯಮ ಯಾವ ತೈಲಕ್ಕೂ ತಪ್ಪಿದುದಲ್ಲ.

ಕಾಪಾಡಿಕೊಳ್ಳುವ ಬಗೆ

ಮೊದಲನೆಯದು ತೂಕ. ಪ್ರತಿಯೊಂದು ವಾಹನದ ಕೈಪಿಡಿಯಲ್ಲಿಯೂ ಎಷ್ಟು ಎಳೆಯಬಹುದು, ಎಳೆಯುವ ಬಂಡಿಯೂ ಎಳೆಸಿಕೊಳ್ಳುವ ಬಂಡಿಯೂ ಕೂಡಿ ಎಷ್ಟು ತೂಗಬಹುದು ಎಂಬ ಎರಡು ಮಿತಿಗಳು ಇರುತ್ತವೆ. ಮೊದಲನೆಯದನ್ನು ಮಾತ್ರ ನೋಡಿ ಎರಡನೆಯದನ್ನು ಮರೆಯುವುದು ಸಾಮಾನ್ಯವಾದ ತಪ್ಪು. ನಮ್ಮ ಶಿಷ್ಯನದೂ ಅದೇ. ಕ್ಯಾರವಾನಿನ ಖಾಲಿ ತೂಕವನ್ನು ಅವನು ಲೆಕ್ಕಕ್ಕೆ ಹಿಡಿದಿದ್ದನು. ತೊಟ್ಟಿಯಲ್ಲಿದ್ದ ನೀರು, ಅಕ್ಕಿ ಬೇಳೆ, ಮಡಿಸುವ ಕುರ್ಚಿಗಳು, ಆರು ಮಂದಿಯ ಮೈಭಾರ ಲೆಕ್ಕಕ್ಕೆ ಬರಲಿಲ್ಲ. ನೂರು ಲೀಟರು ನೀರೆಂದರೆ ನೂರು ಕಿಲೋಗ್ರಾಂ. ಆಮೇಲೆ ತೂಗಿಸಿದಾಗ ಮಿತಿಗಿಂತ ಮುನ್ನೂರು ಕಿಲೋಗ್ರಾಂ ಹೆಚ್ಚಾಗಿದ್ದುದು ತಿಳಿಯಿತು. ಆದುದರಿಂದ ಹೊರಡುವ ಮುನ್ನ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ಒಮ್ಮೆ ಹತ್ತಿಸಿ ನೋಡುವುದು ಉತ್ತಮ. ನೀರನ್ನು ತಂಗುವ ಸ್ಥಳದಲ್ಲಿಯೇ ತುಂಬಿಸಿಕೊಳ್ಳಬಹುದು.

ಎರಡನೆಯದು ಕೂಲರು. ಪೆಟ್ಟಿಗೆಯ ಎಣ್ಣೆಯನ್ನು ರೇಡಿಯೇಟರಿನ ಒಂದು ಅಂಕಣದಲ್ಲಿ ಹಾಯಿಸಿ ತಣಿಸುವ ಏರ್ಪಾಡು ಎಷ್ಟೋ ವ್ಯಾನುಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಭಾರವೆಳೆಯುವವರಿಗೆ ಇದು ಸಾಲದು. ಎಣ್ಣೆಯನ್ನು ಗಾಳಿಯಿಂದ ತಣಿಸುವ ಇನ್ನೊಂದು ಪುಟ್ಟ ಕೂಲರನ್ನು ರೇಡಿಯೇಟರಿನ ಮುಂದೆ, ಎದುರುಗಾಳಿ ಬೀಳುವೆಡೆಯಲ್ಲಿ ಕೂರಿಸಬೇಕು. ಎಣ್ಣೆಯು ಮೊದಲು ರೇಡಿಯೇಟರಿನಲ್ಲಿಯೂ ಅನಂತರ ಈ ಕೂಲರಿನಲ್ಲಿಯೂ ಹಾದು ಪೆಟ್ಟಿಗೆಗೆ ಹಿಂದಿರುಗುವಂತೆ ಕೊಳವೆಗಳನ್ನು ಜೋಡಿಸುವುದು ವಾಡಿಕೆ. ಹಿಮ ಬೀಳುವ ನಾಡುಗಳಲ್ಲಿ ಎಣ್ಣೆ ಅತಿಯಾಗಿ ತಣ್ಣಗಾಗುವುದೂ ಒಳ್ಳೆಯದಲ್ಲ. ಅಲ್ಲಿ ಉಷ್ಣವನ್ನು ಅರಿತು ದಾರಿ ಬಿಡುವ ಕವಾಟವುಳ್ಳ ಕೂಲರನ್ನು ಆರಿಸುವುದು ತಕ್ಕುದು.

ಮೂರನೆಯದು ಉಷ್ಣಮಾಪಕ. ಹೊಸ ವಾಹನಗಳಲ್ಲಿ ಗೇರುಪೆಟ್ಟಿಗೆಯ ಉಷ್ಣವನ್ನು ಮುಂದಿನ ಫಲಕದಲ್ಲಿಯೇ ತೋರಿಸುವುದುಂಟು. ಹಳೆಯವುಗಳಿಗೆ ಬೇರೆಯಾಗಿ ಕೂರಿಸಬೇಕು. ವೆಚ್ಚ ಅಲ್ಪ, ಪ್ರಯೋಜನ ಮಹತ್ತಾದುದು. ಕೈಪಿಡಿಯಲ್ಲಿ ಬೇರೆ ರೀತಿ ಹೇಳದಿದ್ದರೆ, 100 ಡಿಗ್ರಿ ದಾಟಿದಾಗ ಎಚ್ಚರಗೊಂಡು ವೇಗವನ್ನು ಇಳಿಸುವುದು, 120ರ ಸಮೀಪಕ್ಕೆ ಬಂದರೆ ಸುರಕ್ಷಿತವಾದ ಎಡೆ ನೋಡಿ ನಿಲ್ಲಿಸುವುದು ವಿವೇಕ. ನಿಲ್ಲಿಸಿದೊಡನೆ ಎಂಜಿನ್ನನ್ನು ಆರಿಸಬಾರದು. ಆರಿಸಿದರೆ ಎಣ್ಣೆಯನ್ನು ಕೂಲರಿಗೆ ದೂಡುವ ಪಂಪೂ ನಿಂತುಹೋಗುತ್ತದೆ. ಗೇರನ್ನು ಪಾರ್ಕಿನಲ್ಲಿಟ್ಟು, ಕೈಬ್ರೇಕು ಹಾಕಿ, ಎಂಜಿನ್ನನ್ನು ಹಗುರವಾಗಿ ಓಡಿಸುತ್ತ ಮುಳ್ಳು ಇಳಿಯುವವರೆಗೆ ಕಾಯಬೇಕು. ಎಣ್ಣೆ ಸೋರಿ ಹೊಗೆಯಾಡುತ್ತಿದ್ದರೆ ಮಾತ್ರ ಈ ಮಾತು ಸಲ್ಲದು. ಆಗ ಎಂಜಿನ್ನನ್ನು ಆರಿಸಿ, ಎಲ್ಲರೂ ಇಳಿದು ದೂರ ಸರಿಯಬೇಕು.

ನಾಲ್ಕನೆಯದು ನಡೆಸುವ ಬಗೆ. ಭಾರವೆಳೆಯುವಾಗ ಓವರ್‌ಡ್ರೈವನ್ನು ಗುಂಡಿಯೊತ್ತಿ ನಿಲ್ಲಿಸಬಹುದು. ಈಚಿನ ವಾಹನಗಳಲ್ಲಿ ಹೊರೆಗಾಗಿಯೇ ಬೇರೊಂದು ಗುಂಡಿ ಇರುತ್ತದೆ. ಏರಿನ ಬುಡದಲ್ಲಿಯೇ ಒಂದು ಗೇರು ಇಳಿಸಿ, ಬಂಡಿಯು ಬೀಗ ಬಿದ್ದ ಸ್ಥಿತಿಯಲ್ಲಿ ಒಂದೇ ಗೇರಿನಲ್ಲಿ ಏರುವಂತೆ ವೇಗವನ್ನು ಹೊಂದಿಸಿಕೊಳ್ಳಬೇಕು. ಎಂಜಿನ್ ಸುತ್ತು ಹೆಚ್ಚಿತೆಂದು ಅಂಜಬೇಕಾದುದಿಲ್ಲ. ಪಂಪು ಆಗ ಹೆಚ್ಚು ಎಣ್ಣೆಯನ್ನು ದೂಡುತ್ತದೆ. ಸಮನೆಲದಲ್ಲಿಯೂ ವೇಗಕ್ಕೆ ಮಿತಿ ಬೇಕು. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ, ಗಂಟೆಗೆ 100 ಕಿಲೋಮೀಟರಿನಿಂದ 90ಕ್ಕೆ ಇಳಿದರೆ ತಡೆಯು ಸುಮಾರು ಐದನೆಯ ಒಂದು ಪಾಲು ಕಡಮೆಯಾಗುತ್ತದೆ. ಏರಿನಲ್ಲಿ ವಾಹನಗಳ ಸಾಲು ನಿಂತಾಗ ಬ್ರೇಕಿನಿಂದ ಬಂಡಿಯನ್ನು ಹಿಡಿಯಬೇಕೇ ಹೊರತು ಆಕ್ಸಿಲರೇಟರನ್ನು ಒತ್ತಿ ತೂಗಾಡಿಸಬಾರದು. ಕ್ಯಾರವಾನನ್ನು ಏರಿನ ಕಡೆಗೆ ಹಿಮ್ಮುಖವಾಗಿ ದೂಡಿ ನಿಲ್ಲಿಸುವುದಂತೂ ಪೆಟ್ಟಿಗೆಗೆ ಬಹು ಕಷ್ಟದ ಕೆಲಸ. ಜಾರಿಕೆ ಅತಿ ಹೆಚ್ಚು, ಕೂಲರಿಗೆ ಗಾಳಿಯಿಲ್ಲ. ಸಾಧ್ಯವಾದಷ್ಟೂ ಸಮನೆಲವನ್ನು ಆರಿಸಿಕೊಳ್ಳಬೇಕು. ಇಲ್ಲವೇ ಒಂದೆರಡು ಪ್ರಯತ್ನಗಳ ನಡುವೆ ವಿಶ್ರಾಂತಿ ಕೊಡಬೇಕು.

ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಹತ್ತಿದೆಯೋ ಆ ಗೇರಿನಲ್ಲಿಯೇ ಇಳಿಯಬೇಕೆಂಬ ನಮ್ಮ ಘಟ್ಟದ ಚಾಲಕರ ಮಾತು ಅಲ್ಲಿಗೂ ಸಲ್ಲುತ್ತದೆ. ಬ್ರೇಕುಗಳು ಕಾದು ಹಿಡಿತ ತಪ್ಪದಂತೆ ಎಂಜಿನ್ನೇ ಬಂಡಿಯನ್ನು ತಡೆದು ಇಳಿಸಬೇಕು. ಪೆಟ್ಟಿಗೆ ಸುಟ್ಟು ಕ್ಲಚ್ಚು ಜಾರುತ್ತಿದ್ದರೆ ಈ ಆಸರೆಯೂ ಇಲ್ಲವಾಗುತ್ತದೆ. ನಮ್ಮ ವ್ಯಾನು ನೆತ್ತಿಗೆ ಮುನ್ನವೇ ನಿಂತಿತು. ನೆತ್ತಿಯನ್ನು ದಾಟಿ ಆಚೆಯ ಇಳಿಜಾರಿನಲ್ಲಿ ಕೈಕೊಟ್ಟಿದ್ದರೆ ಆಗಬಹುದಾಗಿದ್ದುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಗೇರುಪೆಟ್ಟಿಗೆಯನ್ನು ಕಾಯುವುದು ಹಣವನ್ನು ಉಳಿಸುವುದಕ್ಕೆ ಮಾತ್ರವಲ್ಲ, ಜೀವವನ್ನು ಉಳಿಸುವುದಕ್ಕೂ ಹೌದು.

ಐದನೆಯದು ಎಣ್ಣೆಯ ಆರೈಕೆ. ತಯಾರಕರು ಸಾಮಾನ್ಯ ಬಳಕೆಗೊಂದು, ಕಠಿನ ಬಳಕೆಗೊಂದು ಎಂದು ಎರಡು ಕಾಲಪಟ್ಟಿಗಳನ್ನು ಕೊಡುವುದುಂಟು. ಭಾರವೆಳೆಯುವವರು ಎರಡನೆಯದನ್ನೇ ಅನುಸರಿಸಿ ಎಣ್ಣೆಯನ್ನೂ ಸೋಸುಕವನ್ನೂ ಬೇಗ ಬೇಗ ಬದಲಾಯಿಸಬೇಕು. ಆಯಾ ಪೆಟ್ಟಿಗೆಗೆ ವಿಧಿಸಿದ ಎಣ್ಣೆಯನ್ನಲ್ಲದೆ ಬೇರೊಂದನ್ನು ಹುಯ್ಯಬಾರದು. ಅಳೆಯುವ ಕಡ್ಡಿ ಇರುವ ವಾಹನಗಳಲ್ಲಿ ಎಣ್ಣೆಯ ಬಣ್ಣ, ವಾಸನೆಗಳನ್ನು ಆಗಾಗ ನೋಡುತ್ತಿರಬೇಕು. ತಿಳಿಗೆಂಪಾಗಿದ್ದರೆ ಕ್ಷೇಮ, ಕಂದಿದ್ದು ಸೀದ ವಾಸನೆ ಇದ್ದರೆ ಬೇಗೆಗೆ ಸಿಕ್ಕಿದೆ, ಹಾಲು ಬೆರೆತಂತೆ ಕಂಡರೆ ರೇಡಿಯೇಟರಿನ ನೀರು ಒಳಗೆ ಸೇರಿದೆ, ಕೂಡಲೇ ನಿಲ್ಲಿಸಬೇಕು. ಪಟ್ಟಿ ಮತ್ತು ರಾಟೆಗಳಿಂದ ನಡೆಯುವವು, ಜೋಡಿ ಕ್ಲಚ್ಚಿನವು ಎಂದು ಸ್ವಯಂಚಾಲಿತ ಪೆಟ್ಟಿಗೆಗಳಲ್ಲಿ ಬೇರೆ ಜಾತಿಗಳೂ ಇವೆ. ಅವುಗಳ ಮಿತಿಗಳು ಬೇರೆ. ಕೈಪಿಡಿಯನ್ನು ಓದದೆ ಅವುಗಳಿಗೆ ಹೊರೆ ಕಟ್ಟಬಾರದು.

ಅದೇ ಏರು, ಮತ್ತೊಮ್ಮೆ

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಕುರಿತು ಓದುತ್ತಿದ್ದಾಗ ನಮಗೊಂದು ಸಂಗತಿ ತಿಳಿದು ಅಚ್ಚರಿಯಾಯಿತು. ವಾಹನಗಳ ಎಳೆಯುವ ಶಕ್ತಿಯನ್ನು ಒಬ್ಬೊಬ್ಬ ತಯಾರಕನು ಒಂದೊಂದು ರೀತಿಯಲ್ಲಿ ಸಾರುತ್ತಿದ್ದುದನ್ನು ತಪ್ಪಿಸಲು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಸ್ಥೆಯು 2008ರಲ್ಲಿ ಜೆ2807 ಎಂಬ ಮಾನದಂಡವನ್ನು ಪ್ರಕಟಿಸಿತು. ಹೊರಗಿನ ಉಷ್ಣ 38 ಡಿಗ್ರಿಗೆ ಕಡಮೆಯಿಲ್ಲದಿರುವಾಗ, ಹವಾನಿಯಂತ್ರಣವನ್ನು ಪೂರ್ಣವಾಗಿ ಓಡಿಸಿಕೊಂಡು, ಹೊರೆಯೊಡನೆ ಗಂಟೆಗೆ 40 ಮೈಲಿಗೆ ಇಳಿಯದಂತೆ ಒಂದು ದೀರ್ಘವಾದ ಏರನ್ನು ವಾಹನ ಹತ್ತಬೇಕು; ಹಿಂದೆ ಜೋಡಿ ಟೈರುಳ್ಳ ವಾಹನಗಳಿಗೆ 35 ಮೈಲಿಯ ರಿಯಾಯಿತಿ. ಆ ಪರೀಕ್ಷೆಗೆ ಆರಿಸಿಕೊಂಡ ಏರು ಯಾವುದು? ಡೇವಿಸ್ ಅಣೆಕಟ್ಟಿನ ಏರು. ನಮ್ಮ ವ್ಯಾನು ಸೋತ ಅದೇ ರಸ್ತೆ! ಹೊಸ ವಾಹನಗಳನ್ನು ಪರೀಕ್ಷಿಸುವ ಕಣದಲ್ಲಿ ನಾವು ಹಳೆಯ ವಾಹನದ ಮೇಲೆ ಮಿತಿಮೀರಿದ ಹೊರೆ ಹೇರಿಕೊಂಡು ಇಳಿದಿದ್ದೆವು.

ಈ ಸಂಗತಿಯನ್ನು ಶಿಷ್ಯನಿಗೆ ಬರೆದೆವು. ಮರುವರ್ಷ ಅವನಿಂದ ಉತ್ತರ ಬಂತು. ದುರಸ್ತಿಯಾದ ಅದೇ ವ್ಯಾನಿಗೆ ಬೇರೆ ಕೂಲರನ್ನೂ ಉಷ್ಣಮಾಪಕವನ್ನೂ ಹಾಕಿಸಿ, ಅದಕ್ಕಿಂತ ಸಣ್ಣದಾದ ಕ್ಯಾರವಾನನ್ನು ತಂದು, ನೀರಿನ ತೊಟ್ಟಿಯನ್ನು ಬರಿದುಮಾಡಿ, ವೇಬ್ರಿಡ್ಜಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಬೆಳಗಿನ ತಂಪು ಹೊತ್ತಿನಲ್ಲಿ ಅವನು ಆ ಏರನ್ನು ಹತ್ತಿದ್ದನು. "ಬುಡದಲ್ಲೇ ಗೇರ್ ಇಳಿಸಿದೆ, ಮೇಷ್ಟ್ರೇ. ಹೆಂಡತಿ ಮುಳ್ಳನ್ನು ಓದಿ ಹೇಳುತ್ತಿದ್ದಳು. ನೆತ್ತಿಯಲ್ಲಿ 96 ಡಿಗ್ರಿ. ಮಕ್ಕಳು ಕಂದರವನ್ನು ನೋಡಿದರು. ನೀವಿಬ್ಬರೂ ಇರಬೇಕಾಗಿತ್ತು" ಎಂದು ಬರೆದಿದ್ದನು.

ಈಗ ನಮ್ಮ ಸೀಮೆಯಲ್ಲಿಯೂ ಗೇರು ಬದಲಾಯಿಸುವ ಶ್ರಮವಿಲ್ಲದ ಕಾರುಗಳು ಕಾಣತೊಡಗಿವೆ. ಕ್ಯಾರವಾನಿಲ್ಲದಿದ್ದರೂ ಜನವನ್ನೂ ಸಾಮಾನನ್ನೂ ತುಂಬಿಕೊಂಡು ಅವು ದಿಂಬಂ ಘಟ್ಟವನ್ನು ಹತ್ತುತ್ತವೆ. ಅವುಗಳನ್ನು ನಡೆಸುವ ನಮ್ಮ ತರುಣರಲ್ಲಿ ಅರಿಕೆಯಿಷ್ಟೇ. ಯಂತ್ರವು ನಮ್ಮ ಕೈಯ ಕೆಲಸವನ್ನು ತಾನು ವಹಿಸಿಕೊಂಡಾಗ, ನಮ್ಮ ಕಣ್ಣು ಕಿವಿಗಳು ಇನ್ನಷ್ಟು ಎಚ್ಚರವಾಗಿರಬೇಕು. ಲಾರಿ ನಡೆಸುತ್ತಿದ್ದ ಆ ಹಿರಿಯರು ಪರಿವರ್ತಕದ ಹೆಸರನ್ನೂ ಕೇಳಿದವರಲ್ಲ. ಆದರೆ ಏರಿನ ಬುಡದಲ್ಲಿ ಒಮ್ಮೆ ತಡೆದು, ಬೆನ್ನ ಮೇಲಿನ ಹೊರೆಯೆಷ್ಟೆಂದು ನೆನೆದು, ಗೇರು ಇಳಿಸಿ ಹೊರಡುತ್ತಿದ್ದರು. ಆ ಅಭ್ಯಾಸವನ್ನು ನಾವು ಬಿಡದಿರೋಣ.